ಆ ನಾಲ್ಕು ಸಾಲು ಕತ್ತರಿಸಿದ್ದು ನಾನೇ

(ಬ್ರಹ್ಮಾವರ ಕಡೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಹೇಳಿ, ಆರು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ತಂಗಿಯ ಮಗನಿಗೆ 16 ವರ್ಷ. ಯಕ್ಷಗಾನ ಕಲಿಯುತ್ತಿದ್ದ. ಎಡ ಮೊಣಕಾಲಿನ ಹತ್ತಿರ ನೋವು ಶುರುವಾಯಿತು. ಮಂಡಿ ಹಾಕಿ ಕುಣಿದದ್ದು ಜಾಸ್ತಿಯಾಯಿತು ಎಂದರು ಎಲ್ಲರೂ. ಎಲುಬು ಕಟ್ಟುವವರ ಹತ್ತಿರ ಎರಡು ತಿಂಗಳು ಎಣ್ಣೆ ತಿಕ್ಕಿಸಿದರು. ಕೊನೆಗೆ ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ಕ್ಯಾನ್ಸರ್ ಇರಬಹುದು ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದ್ದಾರೆ. "ಬೆಳೆಯುವ ಮಕ್ಕಳ ಕಾಲುನೋವಿಗೆ ಹೆದರಬೇಡಿ ಅಂತ ನಿಮ್ಮ ಪತ್ರಿಕೆಯಲ್ಲೇ ಓದಿ ಸುಮ್ಮನಿದ್ದೆವು. ಕುಣಿದದ್ದರಿಂದ ಬಂತಾ? ತಿಕ್ಕಿಸಿದ್ದರಿಂದ ಬಂತಾ? ಚುಚ್ಚಿ ತೆಗೆದರೆ ಹರಡುತ್ತದಂತೆ, ಹೌದಾ? ಕಾಲು ತೆಗೆಯಲೇಬೇಕಾ?" ಎಂದು ಕೇಳಿದ್ದಾರೆ.)

ಅಕ್ಕಾ,

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಆ ಲೇಖನ ಬರೆದ ಡಾಕ್ಟರು ಕೊನೆಯಲ್ಲಿ ನಾಲ್ಕು ಸಾಲು ಬರೆದಿದ್ದರು. ಪುಟ ಕಟ್ಟುವ ರಾತ್ರಿ ಹತ್ತೂವರೆಗೆ ಒಂದು ಜಾಹೀರಾತು ಬಂತು. ಜಾಗ ಸಾಲಲಿಲ್ಲ. ಕೊನೆಯ ಪ್ಯಾರಾ ತಾನೇ ಅಂತ ನಾನೇ ಕತ್ತರಿಸಿದೆ. ಯಾವ ಜಾಹೀರಾತು ಗೊತ್ತಾ? ಮಂಡಿನೋವಿನ ಎಣ್ಣೆಯದ್ದು.

ನಿಮ್ಮ ಪತ್ರ ಬಂದ ಮೇಲೆ ಹಳೆಯ ಫೈಲ್ ತೆಗೆದು ನೋಡಿದೆ. ಆ ಸಾಲುಗಳು ಇವು: "ನೋವು ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಎರಡು ಮೂರು ವಾರವಾದರೂ ಹೋಗದಿದ್ದರೆ ಅದನ್ನು ಬೆಳವಣಿಗೆಯ ನೋವು ಎನ್ನಬೇಡಿ. ಊತ ಕಂಡರೆ, ಮಗು ಕುಂಟುತ್ತಿದ್ದರೆ ಅಷ್ಟೂ ಕಾಯಬೇಡಿ. ಒಂದು ಎಕ್ಸ್‌ರೇ ತೆಗೆಸಿ."

ಬೆಳವಣಿಗೆಯ ನೋವು ಸುಳ್ಳಲ್ಲ. ಚಿಕ್ಕ ಮಕ್ಕಳಲ್ಲಿ ಅದು ತುಂಬಾ ಸಾಮಾನ್ಯ. ಆದರೆ ಅದರ ಗುಣವೇ ಬೇರೆ. ಎರಡೂ ಕಾಲು ನೋಯುತ್ತದೆ, ಸಂಜೆ ಅಥವಾ ರಾತ್ರಿ. ತೊಡೆ, ಮೀನಖಂಡ ಅಂತ ಮಗು ಎಲ್ಲೆಲ್ಲೋ ತೋರಿಸುತ್ತದೆ. ಅಜ್ಜಿ ಕಾಲು ಒತ್ತಿದರೆ ಹಿತ. ಬೆಳಿಗ್ಗೆ ಎದ್ದರೆ ನೋವೂ ಇಲ್ಲ, ನೆನಪೂ ಇಲ್ಲ, ಓಡುತ್ತದೆ. ನಿಮ್ಮ ಹುಡುಗ ಒಂದೇ ಬೆರಳಿನಲ್ಲಿ ಒಂದೇ ಜಾಗ ತೋರಿಸುತ್ತಿದ್ದ, ಅಲ್ವಾ? "ರಾತ್ರಿ ಮನಿಕಂಬುಕೆ ಆತಿಲ್ಲೆ" (ರಾತ್ರಿ ಮಲಗಲು ಆಗುವುದಿಲ್ಲ) ಎಂದು ಅವನು ಹೇಳಿದ್ದನ್ನು ನೀವು ಹಾಗೇ ಬರೆದಿದ್ದೀರಿ. ನಿಮ್ಮ ಆರು ಪುಟದಲ್ಲಿ ಡಾಕ್ಟರಿಗೆ ಎಲ್ಲಕ್ಕಿಂತ ಮುಖ್ಯವಾಗುವ ಮಾತು ಅದೇ.

ಕುಣಿದದ್ದರಿಂದ ಬಂತಾ? ಇಲ್ಲ. ಮಂಡಿ ಹಾಕಿ ಸುತ್ತಿದರೆ ಚರ್ಮ ತರಚುತ್ತದೆ, ಗಂಟು ಊದುತ್ತದೆ. ಅದರಿಂದ ಕ್ಯಾನ್ಸರ್ ಬರುವುದಿಲ್ಲ. ಹದಿಹರೆಯದವರಿಗೆ ಬರುವ ಮೂಳೆ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನದು ಆಸ್ಟಿಯೋಸಾರ್ಕೋಮಾ. ಅದು ಜಾಸ್ತಿ ಕಾಣಿಸುವುದು ಮೊಣಕಾಲಿನ ಆಚೆ ಈಚೆ, ಅಂದರೆ ತೊಡೆಮೂಳೆಯ ಕೆಳತುದಿ, ಕಣಕಾಲು ಮೂಳೆಯ ಮೇಲ್ತುದಿ. ಭುಜದ ಹತ್ತಿರವೂ ಬರುತ್ತದೆ. ಮೈ ಸರಸರ ಎತ್ತರವಾಗುವ ವಯಸ್ಸಿನಲ್ಲಿ ಮೂಳೆ ಜೋರಾಗಿ ಬೆಳೆಯುವ ಜಾಗಗಳಿವು. ಎರಡನೆಯದು ಯೂಯಿಂಗ್ ಸಾರ್ಕೋಮಾ. ಅದೂ ಹೆಚ್ಚಾಗಿ ಮಕ್ಕಳು, ಹದಿಹರೆಯದವರದ್ದೇ. ಅದರಲ್ಲಿ ಜ್ವರವೂ ಬರಬಹುದು, ಹಾಗಾಗಿ ಸೋಂಕು ಅಂತ ಮೋಸ ಹೋಗುವುದಿದೆ.

ಪೆಟ್ಟು ಮಾಡುವ ಮೋಸ ಇನ್ನೊಂದು ಥರದ್ದು. ಕೆನಡಾದ ಟೆರ್ರಿ ಫಾಕ್ಸ್ ಹೆಸರು ಕೇಳಿರಬಹುದು. 1976ರಲ್ಲಿ ಅವನ ಕಾರು ಅಪಘಾತವಾಯಿತು. ಆಮೇಲೆ ಬಂದ ಮೊಣಕಾಲು ನೋವನ್ನು ಅವನು ಆ ಪೆಟ್ಟಿನ ಲೆಕ್ಕಕ್ಕೇ ಹಾಕಿ, ಬ್ಯಾಸ್ಕೆಟ್‌ಬಾಲ್ ಆಡುತ್ತಲೇ ಇದ್ದ. 1977ರ ಮಾರ್ಚ್‌ನಲ್ಲಿ ಅದು ಆಸ್ಟಿಯೋಸಾರ್ಕೋಮಾ ಎಂದು ಗೊತ್ತಾದಾಗ ಅವನಿಗೆ 18. ಬಲಗಾಲು ತೆಗೆದರು. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿಲೋಮೀಟರ್ ಮುಗಿಸಿದ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲಿಕ್ಕೆ. ಮರುವರ್ಷ ತೀರಿಕೊಂಡ. ನಮ್ಮಲ್ಲಿ ಕಾರಿನ ಬದಲು ಕಬಡ್ಡಿ, ವಾಲಿಬಾಲ್, ಯಕ್ಷಗಾನ. ಆಡುವ ವಯಸ್ಸಿನ ಹುಡುಗನಿಗೆ ಹೋದ ವಾರ ಎಲ್ಲೋ ಒಂದು ಪೆಟ್ಟು ಬಿದ್ದೇ ಇರುತ್ತದೆ. ಹಾಗಾಗಿ ಕಾರಣ ಹುಡುಕುವವರಿಗೆ ಯಾವತ್ತೂ ಬರಗಾಲ ಇಲ್ಲ.

ಎಣ್ಣೆ ತಿಕ್ಕಿದ್ದರಿಂದಲೂ ಬಂದಿಲ್ಲ. ಆದರೆ ಗಡ್ಡೆ ಇರುವ ಮೂಳೆ ಒಳಗೊಳಗೇ ದುರ್ಬಲವಾಗಿರುತ್ತದೆ, ಒತ್ತಿ ಎಳೆದರೆ ಮುರಿಯಬಹುದು. ಈಗ ಯಾರೂ ತಿಕ್ಕುವುದು ಬೇಡ. ಎರಡು ತಿಂಗಳು ಹೋದದ್ದು ನಷ್ಟವೇ, ಇಲ್ಲ ಎಂದು ನಾನು ಹೇಳುವುದಿಲ್ಲ. ಎಲುಬು ಕಟ್ಟುವವರನ್ನು ಬೈಯುವ ಉದ್ದೇಶವೂ ನನಗಿಲ್ಲ. ನಮ್ಮ ಮನೆಯಲ್ಲೂ ಉಳುಕಿದರೆ ಹೋಗುವುದು ಅಲ್ಲಿಗೇ. ಎಕ್ಸ್‌ರೇ ನೋಡದೆ ಮುಟ್ಟುವುದಿಲ್ಲ ಎನ್ನುವವರು ಅವರಲ್ಲೂ ಇದ್ದಾರೆ. ಉಳುಕಿದರೆ ಅಂಥವರ ಹತ್ತಿರ ಹೋಗಿ.

ಇನ್ನೊಂದು ಮಾತು. "ರಕ್ತ ಪರೀಕ್ಷೆ ನಾರ್ಮಲ್ ಬಂದಿತ್ತಲ್ಲ" ಎಂದು ಕೇಳಿದ್ದೀರಿ. ಈ ಕಾಯಿಲೆಯಲ್ಲಿ ರಕ್ತ ನಾರ್ಮಲ್ ಇರಬಹುದು. ಕ್ಯಾಲ್ಸಿಯಂ ಕಮ್ಮಿ ಅಂತ ಮಾತ್ರೆ ಕೊಟ್ಟು ಕಾಯುವುದೂ ಬೇಡ.

ಈಗ ಚುಚ್ಚುವ ವಿಷಯ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ಚುಚ್ಚಿ ತೆಗೆದು ಪರೀಕ್ಷಿಸುವುದು, ಅದಿಲ್ಲದೆ ಇದು ಯಾವ ಕ್ಯಾನ್ಸರ್, ಕ್ಯಾನ್ಸರ್ ಹೌದಾ ಅಲ್ವಾ ಅಂತಲೇ ಖಚಿತವಾಗುವುದಿಲ್ಲ. ಚುಚ್ಚಿದರೆ ಮೈಯೆಲ್ಲ ಹರಡುತ್ತದೆ ಎಂಬುದು ಭಯ ಅಷ್ಟೇ. ಆದರೆ ಆ ಭಯದ ಹತ್ತಿರದಲ್ಲೇ ಒಂದು ನಿಜ ಇದೆ. ಸೂಜಿ ಹೋದ ದಾರಿಯನ್ನೂ ಮುಂದೆ ಆಪರೇಷನ್‌ನಲ್ಲಿ ಗಡ್ಡೆಯ ಜೊತೆಗೇ ತೆಗೆಯಬೇಕಾಗುತ್ತದೆ. ಸಿಕ್ಕಸಿಕ್ಕಲ್ಲಿ ಚುಚ್ಚಿದರೆ ಉಳಿಸಬಹುದಾದ ಕಾಲನ್ನೂ ಕಳೆದುಕೊಳ್ಳಬೇಕಾದೀತು. ಅದಕ್ಕೇ ಮುಂದೆ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ಮಾಡಬೇಕು ಎನ್ನುವುದು. ನಿಮ್ಮ ಊರಿನ ಡಾಕ್ಟರು ತಾವೇ ಚುಚ್ಚದೆ ಕಳಿಸಿದರು ಎಂದು ನಿಮಗೆ ಬೇಜಾರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಕಾಲಿಗೆ ಎಂಆರ್‌ಐ, ಎದೆಗೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಹರಡುವುದಾದರೆ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ, ಅದಕ್ಕೆ. ಎದೆ ಯಾಕೆ ನೋಡುತ್ತಾರೆ ಅಂತ ಗಾಬರಿಯಾಗಬೇಡಿ.

ಕಾಲು ತೆಗೆಯಲೇಬೇಕಾ? ಈಗ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಆಸ್ಟಿಯೋಸಾರ್ಕೋಮಾ ಆದರೆ ಸಾಮಾನ್ಯವಾಗಿ ಮೊದಲು ಎರಡು ಮೂರು ತಿಂಗಳು ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಗಡ್ಡೆ ಇರುವ ಮೂಳೆಯ ಭಾಗ ತೆಗೆದು ಲೋಹದ ಕೀಲು ಕೂರಿಸುತ್ತಾರೆ. ಕೆಲವರಿಗೆ ತೆಗೆದ ಮೂಳೆಗೇ ವಿಕಿರಣ ಕೊಟ್ಟು ತಿರುಗಿ ಜೋಡಿಸುವುದೂ ಉಂಟು. ಕಾಲು ತೆಗೆಯುವ ಮಾತು ಬರುವುದು ಹೆಚ್ಚಾಗಿ ನರ, ರಕ್ತನಾಳಗಳನ್ನು ಗಡ್ಡೆ ಸುತ್ತಿಕೊಂಡಿದ್ದಾಗ. ಕೀಮೋ ಬರುವ ಮುಂಚೆ, ಕಾಲು ತೆಗೆದರೂ ಉಳಿಯುತ್ತಿದ್ದವರು ಐವರಲ್ಲಿ ಒಬ್ಬರ ಆಸುಪಾಸು. ಈಗ ಬೇರೆಡೆ ಹರಡದಿದ್ದಾಗ ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಮೂವರಲ್ಲಿ ಸುಮಾರು ಇಬ್ಬರು ಐದು ವರ್ಷ ದಾಟುತ್ತಾರೆ. ಪೂರ್ತಿ ಎಂಬುದನ್ನು ಗಮನಿಸಿ. ಎರಡು ಕೀಮೋ ಆದಾಗ ನೋವು ಇಳಿಯುತ್ತದೆ, ಕೂದಲು ಉದುರುತ್ತದೆ, ಸಾಕು ಬಿಡಿ ಎನ್ನುವ ನೆಂಟರು ಬರುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸಿ.

ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ ಇದೆ. ಕೀಮೋ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಮಾಡಬಹುದು. ಹದಿನಾರರ ಹುಡುಗನ ವೀರ್ಯವನ್ನು ಶುರುವಿಗೆ ಮೊದಲೇ ತೆಗೆದಿಡಬಹುದು. ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಕೇಳಿ. ಮೊದಲ ಕೀಮೋ ಆದಮೇಲೆ ಕೇಳಿದರೆ ತಡ.

ಖರ್ಚಿನ ವಿಷಯಕ್ಕೆ ಬಂದರೆ, ಬಿಪಿಎಲ್ ಕಾರ್ಡ್ ಇದೆ ಎಂದಿದ್ದೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಅಡ್ಮಿಟ್ ಆದಮೇಲೆ ಚೀಟಿಗೆ ಓಡುವುದು ಬೇಡ. ಮಣಿಪಾಲ, ಮಂಗಳೂರಿನಲ್ಲೇ ಕ್ಯಾನ್ಸರ್ ವಿಭಾಗಗಳಿವೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ತುಂಬಾ ಅಪರೂಪ, ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕಿಂತಲೂ ಕಡಿಮೆ. ದೊಡ್ಡವರ ಮೂಳೆಯಲ್ಲಿ ಕಾಣಿಸುವುದು ಹೆಚ್ಚಾಗಿ ಸ್ತನ, ಪ್ರಾಸ್ಟೇಟ್, ಶ್ವಾಸಕೋಶದಿಂದ ಬಂದದ್ದು. ಅದರ ಚಿಕಿತ್ಸೆಯೇ ಬೇರೆ. ಹಿಂದೆ ಅಂಥ ಕಾಯಿಲೆ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಬಂದರೆ ವಯಸ್ಸಾಯಿತು ಎಂದು ಬಿಡಬೇಡಿ.

ಕೊನೆಯ ಪುಟದಲ್ಲಿ ಹುಡುಗ ತಾನೇ ಒಂದು ಸಾಲು ಬರೆದಿದ್ದಾನೆ, "ಮತ್ತೆ ಕುಣಿಯಲಿಕ್ಕೆ ಆಗ್ತದಾ ಕೇಳಿ" ಅಂತ. ಲೋಹದ ಕೀಲಿನ ಮೇಲೆ ಮಂಡಿ ಹಾಕಲು ಆಗುವುದಿಲ್ಲ, ಇದನ್ನು ಅವನಿಗೆ ಸುಳ್ಳು ಹೇಳಬೇಡಿ. ಚೆಂಡೆ, ಭಾಗವತಿಕೆ, ತಾಳಮದ್ದಳೆ ಅಂತ ಈಗಲೇ ಸಮಾಧಾನ ಹೇಳಲಿಕ್ಕೂ ಹೋಗಬೇಡಿ. ಹದಿನಾರರಲ್ಲಿ ಅದು ಸಮಾಧಾನ ಅಲ್ಲ. ಅವನ ಸಾಲಿಗೆ ಬೇರೆ ಪತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ನೀವು ಓದದೆ ಅವನಿಗೇ ಕೊಡಿ.

ಆ ನಾಲ್ಕು ಸಾಲು ಮುಂದಿನ ಸಂಚಿಕೆಯ ಮೂರನೇ ಪುಟದಲ್ಲಿ ಬರುತ್ತದೆ. ಆ ಪುಟದಲ್ಲಿ ಜಾಹೀರಾತು ಇರುವುದಿಲ್ಲ.

- ಸಂಪಾದಕ