ನಿನ್ನೆ ಕಲಿತ ಮಗ್ಗಿಯನ್ನು ಇಂದು ಮರೆಯುವ ಮಗಳ ಬಗ್ಗೆ

ನೀವು ದತ್ತು ಪಡೆದ ಎಂಟು ವರ್ಷದ ಮಗಳು ನಿನ್ನೆ ಒಪ್ಪಿಸಿದ ಮಗ್ಗಿಯನ್ನು ಇಂದು ಮರೆಯುತ್ತಾಳೆ, ಸುಳ್ಳು ಹೇಳುತ್ತಾಳೆ, ಶಿಕ್ಷಿಸಿದರೂ ಅದೇ ತಪ್ಪನ್ನು ಮಾಡುತ್ತಾಳೆ, ಹೆತ್ತ ತಾಯಿ ಬಸುರಿಯಾಗಿದ್ದಾಗ ಮದ್ಯ ಸೇವಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ವೈದ್ಯರು ತಿಳಿಸಿದ್ದಾರೆ, ಮುಂದೇನು ಮಾಡಬೇಕು ಎಂದು ಕೇಳಿದ್ದೀರಿ. ವಿಶೇಷ ಶಿಕ್ಷಕಿಯಾಗಿ ಇಂತಹ ಕೆಲವು ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ಉತ್ತರಿಸುತ್ತಿದ್ದೇನೆ.

ತಾಯಿ ಕುಡಿದ ಮದ್ಯ ಮಾಸನ್ನು (ಪ್ಲಸೆಂಟಾ) ದಾಟಿ ಶಿಶುವಿನ ರಕ್ತವನ್ನು ಸೇರುತ್ತದೆ. ಅದನ್ನು ಅರಗಿಸುವಷ್ಟು ಶಿಶುವಿನ ಯಕೃತ್ತು ಬೆಳೆದಿರುವುದಿಲ್ಲವಾದ್ದರಿಂದ ಆಗಷ್ಟೇ ರೂಪುಗೊಳ್ಳುತ್ತಿರುವ ಮಿದುಳಿಗೆ ಪೆಟ್ಟಾಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಲಯನ್ಸ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬ ವೈದ್ಯರು 1973ರಲ್ಲಿ ಇದನ್ನು ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಕರೆದಾಗ, ಕಿರಿದಾದ ಕಣ್ಣು ಮೊದಲಾದ ಮುಖಲಕ್ಷಣಗಳನ್ನು ಗುರುತಿಸಿದ್ದರು. ಆದರೆ ಗರ್ಭದಲ್ಲಿ ಮದ್ಯದಿಂದ ಬಾಧಿತರಾದ ಬಹುಪಾಲು ಮಕ್ಕಳ ಮುಖದಲ್ಲಿ ಏನೂ ಕಾಣುವುದಿಲ್ಲ, ಮಾತಂತೂ ಅರಳು ಹುರಿದಂತೆ ಇರುವುದುಂಟು. ಸೋಮಾರಿ, ಹಟಮಾರಿ ಎಂಬ ಹೆಸರು ಇವರಿಗೆ ಬೇಗ ಅಂಟುವುದು ಇದೇ ಕಾರಣಕ್ಕೆ.

ನೀವು ಸುಳ್ಳು ಎನ್ನುತ್ತಿರುವುದನ್ನು ಇನ್ನೊಮ್ಮೆ ಗಮನಿಸಿ. ನೆನಪಿನಲ್ಲಿ ಇಲ್ಲದ ಜಾಗವನ್ನು ಇಂತಹ ಮಗು ತನಗೆ ತೋಚಿದ್ದರಿಂದ ತುಂಬಿಕೊಂಡು, ಅದನ್ನೇ ನಿಜವೆಂದು ನಂಬಿರುತ್ತದೆ. ಒಂದೆಡೆ ಕಲಿತದ್ದನ್ನು ಮತ್ತೊಂದೆಡೆಗೆ ಅನ್ವಯಿಸುವುದೂ ಕಷ್ಟ: ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ಮನೆಯ ಮುಂದಿನ ರಸ್ತೆಯನ್ನು ಎರಡೂ ಕಡೆ ನೋಡಿಯೇ ದಾಟುತ್ತಿದ್ದ, ಅಜ್ಜಿಯ ಊರಿಗೆ ಹೋದಾಗ ಮಾತ್ರ ನೋಡದೆ ಓಡಿಬಿಡುತ್ತಿದ್ದ. ಎಷ್ಟು ಗದರಿದರೂ ಅದು ಬದಲಾಗಲಿಲ್ಲ. ಆ ರಸ್ತೆಯಲ್ಲೇ ಕೈಹಿಡಿದು ಹತ್ತಾರು ಬಾರಿ ದಾಟಿಸಿದ ಮೇಲೆ ಬದಲಾಯಿತು.

"ಚೀಲ ಇಡು, ಕೈಕಾಲು ತೊಳೆದುಕೋ, ತಿಂಡಿಗೆ ಬಾ" ಎಂದು ಒಂದೇ ಉಸಿರಿನಲ್ಲಿ ಹೇಳಬೇಡಿ. ಒಂದು ಮುಗಿದ ಮೇಲೆ ಇನ್ನೊಂದನ್ನು ಹೇಳಿ, ಕ್ರಮವನ್ನು ಚಿತ್ರಗಳಲ್ಲಿ ಬರೆದು ಬಚ್ಚಲಿನ ಬಾಗಿಲಿಗೆ ಅಂಟಿಸಿ. ಮದುವೆಮನೆಯಂತಹ ಗದ್ದಲದಲ್ಲಿ ಅವಳು ರಂಪ ಮಾಡುವವರೆಗೆ ಕಾಯದೆ ಮೊದಲೇ ಹೊರಗೆ ಕರೆದುಕೊಂಡು ಬನ್ನಿ.

ಈ ಮಕ್ಕಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಸ್ಟ್ರೈಸ್‌ಗತ್, ಬೇಗನೆ ರೋಗನಿರ್ಣಯವಾಗಿ ಪ್ರೀತಿಯುಳ್ಳ ಒಂದೇ ನೆಲೆಯಲ್ಲಿ ಬೆಳೆದವರಿಗೆ ಮುಂದಿನ ತೊಂದರೆಗಳು ಕಡಿಮೆ ಎಂದು ಕಂಡುಕೊಂಡರು. ನಿಮ್ಮ ಮಗಳಿಗೆ ಈಗ ರೋಗನಿರ್ಣಯವೂ ಆಗಿದೆ, ಪ್ರೀತಿಯ ಮನೆಯೂ ಸಿಕ್ಕಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಸ್ಥಿತಿಯ ಹೆಸರಿಲ್ಲ. ಆದರೂ ವೈದ್ಯಕೀಯ ಪರೀಕ್ಷೆಯಲ್ಲಿ ಬೌದ್ಧಿಕ ಅಥವಾ ಕಲಿಕಾ ನ್ಯೂನತೆ ಕಂಡುಬಂದರೆ ಪ್ರಮಾಣಪತ್ರ ಸಿಗಬಹುದು, ಆದ್ದರಿಂದ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಪರೀಕ್ಷಿಸುವ ನಿಮ್ಮ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಿ. ಕಣ್ಣು, ಕಿವಿ, ಹೃದಯದ ತಪಾಸಣೆಯನ್ನೂ ಮಾಡಿಸಿ.

ಹೆತ್ತವಳನ್ನು ಮಗಳೆದುರು ದೂಷಿಸಬೇಡಿರೆಂದು ಕೈಮುಗಿದು ಕೇಳುತ್ತೇನೆ. ಗರ್ಭ ನಿಂತಿರುವುದೇ ತಿಳಿಯದೆ ಕುಡಿದವರಿದ್ದಾರೆ, ಚಟವೆಂಬ ಕಾಯಿಲೆಗೆ ಚಿಕಿತ್ಸೆ ಸಿಗದವರಿದ್ದಾರೆ. ಅವಳ ಮೇಲೆ ಆಡಿದ ಮಾತು ಮಗುವಿನ ಮೇಲೆಯೇ ಬೀಳುತ್ತದೆ. ಮಗ್ಗಿಯ ಕಾರ್ಡನ್ನು ಮಗಳ ಡೆಸ್ಕಿನ ಮೇಲೆ ಅಂಟಿಸಿ, ನೋಡಿಕೊಂಡೇ ಲೆಕ್ಕ ಮಾಡಲು ಬಿಡಿರೆಂದು ಅವಳ ಶಿಕ್ಷಕರನ್ನು ಈ ವಾರವೇ ಕೇಳಿ.