ಇಂಡೆಕ್ಸ್ ಇದ್ದರೂ ಪೋಸ್ಟ್‌ಗ್ರೆಸ್ ಇಡೀ ಟೇಬಲ್ ಯಾಕೆ ಓದುತ್ತದೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಲಾಟುಗಳ ಟೇಬಲ್ ಇದೆ, ತಳಿ ಕಾಲಂಗೆ ಇಂಡೆಕ್ಸ್ (ಯಾವ ಸಾಲು ಎಲ್ಲಿದೆ ಅಂತ ತೋರಿಸುವ ಪಟ್ಟಿ) ಇದೆ, ಆದರೂ ‘ಕಡ್ಡಿ’ ತಳಿ ಅಂತ ಹುಡುಕಿದರೆ ಇಡೀ ಟೇಬಲ್ ಓದುತ್ತದೆ ಎಂದು ಕೇಳಿದ್ದೀರಿ.

ಪ್ಲ್ಯಾನರ್, ಅಂದರೆ ಹುಡುಕುವ ದಾರಿ ಆರಿಸುವ ಪೋಸ್ಟ್‌ಗ್ರೆಸ್‌ನ ಭಾಗ, ಬಹುಶಃ ಸರಿಯಾಗಿಯೇ ಇದೆ. ನೂರರಲ್ಲಿ ಅರವತ್ತು ಲಾಟು ಕಡ್ಡಿಯೇ ಆಗಿದ್ದರೆ, ಪಟ್ಟಿ ಹಿಡಿದು ಒಂದೊಂದೇ ಚೀಲ ಹುಡುಕುತ್ತಾ ಓಡಾಡೋದಕ್ಕಿಂತ ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯೋದೇ ಬೇಗ, ಅಲ್ವಾ? ಪೋಸ್ಟ್‌ಗ್ರೆಸ್ ಲೆಕ್ಕವೂ ಹಾಗೇ. ಸಾಲಾಗಿ ಒಂದು ಪುಟ (ಡಿಸ್ಕ್‌ನಲ್ಲಿನ ಡೇಟಾ ತುಂಡು) ಓದಲು ವೆಚ್ಚ 1, ಅಲ್ಲೊಂದು ಇಲ್ಲೊಂದು ಹೆಕ್ಕಲು 4. ಇವು ಡೀಫಾಲ್ಟ್ ಬೆಲೆಗಳು. ನಿಮ್ಮ ಸರ್ವರ್‌ನಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದ್ದರೆ ಈ 4 ತುಂಬಾ ಜಾಸ್ತಿ. ‘ರ‍್ಯಾಂಡಮ್ ಪೇಜ್ ಕಾಸ್ಟ್’ ಎಂಬ ಈ ಸೆಟ್ಟಿಂಗ್ ಅನ್ನು 1.1ಕ್ಕೆ ಇಳಿಸಿ ನೋಡಿ.

ಕಡ್ಡಿ ಲಾಟು ಬೆರಳೆಣಿಕೆಯಷ್ಟೇ ಇದ್ದೂ ಹೀಗಾದರೆ ಬೇರೆ ವಿಷಯ. ‘ಎಕ್ಸ್‌ಪ್ಲೇನ್ ಅನಲೈಸ್’ ಓಡಿಸಿ, ಅಂದಾಜಿನ ಸಾಲುಗಳನ್ನೂ ನಿಜವಾಗಿ ಬಂದ ಸಾಲುಗಳನ್ನೂ ಹೋಲಿಸಿ. ನಾನು ಮೊದಲು ನೋಡೋದು ಇದನ್ನೇ. ಎರಡಕ್ಕೂ ಅಜಗಜಾಂತರ ಇದ್ದರೆ ಪ್ಲ್ಯಾನರ್ ಹಳೇ ಲೆಕ್ಕ ನಂಬಿ ಕೂತಿದೆ. ಸೀಸನ್‌ನಲ್ಲಿ ಒಮ್ಮೆಲೇ ಸಾವಿರಾರು ಸಾಲು ತುಂಬಿದ ಮೇಲೆ ಹೀಗಾಗೋದು ಸಹಜ. ಆ ಟೇಬಲ್ ಮೇಲೆ ‘ಅನಲೈಸ್’ ಕಮಾಂಡ್ ಕೊಟ್ಟು ಆ ಲೆಕ್ಕ ಹೊಸದು ಮಾಡಿ, ಸಾಕು.

ಇನ್ನೊಂದು: ದಿನಾಂಕದ ಕಾಲಂನಿಂದ ಫಂಕ್ಷನ್ ಹಾಕಿ ವರ್ಷ ತೆಗೆದು ಹೋಲಿಸಿದರೆ, ಆ ಕಾಲಂನ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರಲ್ಲ. ಬದಲಿಗೆ 2024ರ ಜನವರಿ 1ರಿಂದ 2025ರ ಜನವರಿ 1ಕ್ಕಿಂತ ಮುಂಚೆ ಅಂತ ಕೇಳಿ.

ಸೀಕ್ವೆನ್ಷಿಯಲ್ ಸ್ಕ್ಯಾನ್ (ಇಡೀ ಟೇಬಲ್ ಸಾಲಾಗಿ ಓದೋದು) ಅನ್ನು ಸುಮ್ನೆ ಆಫ್ ಮಾಡಿ ಬಿಡಬೇಡಿ. ಪರೀಕ್ಷೆಗೆ ಒಂದು ಸೆಷನ್‌ನಲ್ಲಿ ಮಾಡಿ, ಅದು ಆನ್ ಇದ್ದಾಗಿನ, ಆಫ್ ಇದ್ದಾಗಿನ ಎರಡೂ ಸಮಯ ಅಳೆದು ನೋಡಿ.