ಕುದುರೆಗಳ ಬೋರ್ನಾ ವೈರಸ್ ಮನುಷ್ಯರ ಮಿದುಳಿಗೂ ಬರುತ್ತದೆಯೇ?

ಪ್ರಶ್ನೆ: ಕುದುರೆಗಳಿಗೆ ಬರುವ ಬೋರ್ನಾ ವೈರಸ್ ಮನುಷ್ಯರಿಗೂ ತಗಲುತ್ತಿದೆಯೆಂದು ಕೇಳಿ, ಜರ್ಮನಿಯ ಮ್ಯೂನಿಕ್ ಬಳಿ ನೆಲೆಸಿರುವ ನನ್ನ ಮಗಳು ಗಾಬರಿಯಾಗಿದ್ದಾಳೆ. ಖಿನ್ನತೆಗೂ ಅದೇ ಕಾರಣವೆಂದು ನಾನು ಹಿಂದೆ ಓದಿದ ನೆನಪಿದೆ. ಇದರಲ್ಲಿ ನಿಜವೆಷ್ಟು?
– ಓದುಗರೊಬ್ಬರು, ಮೈಸೂರು

ಉತ್ತರ: ವೈರಸ್ ಮನುಷ್ಯರಿಗೆ ತಗಲುವುದು ನಿಜ. ಖಿನ್ನತೆಗೆ ಅದು ಕಾರಣವೆಂಬ ವಾದ ಮಾತ್ರ ಪರೀಕ್ಷೆಗೆ ನಿಲ್ಲಲಿಲ್ಲ.

ಜರ್ಮನಿಯ ಸ್ಯಾಕ್ಸನಿ ರಾಜ್ಯದ ಬೋರ್ನಾ ಪಟ್ಟಣದ ಸುತ್ತ 19ನೇ ಶತಮಾನದ ಕೊನೆಯಲ್ಲಿ ಕುದುರೆಗಳನ್ನು ಬಲಿ ತೆಗೆದುಕೊಂಡ ಮಿದುಳಿನ ಉರಿಯೂತದಿಂದ ಈ ಹೆಸರು ಬಂದಿದೆ. ಕೆಲವು ಮನೋರೋಗಿಗಳ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳಿವೆಯೆಂಬ ವರದಿ 1985ರಲ್ಲಿ ಪ್ರಕಟವಾದ ಮೇಲೆ, ಒಂದು ಪ್ರಯೋಗಾಲಯ ಹೌದೆಂದರೆ ಇನ್ನೊಂದು ಅಲ್ಲವೆನ್ನುವ ಜಗ್ಗಾಟ ಸುಮಾರು ಕಾಲು ಶತಮಾನ ನಡೆಯಿತು. ರೋಗಿಗಳಿಂದ ಸಿಕ್ಕಿತೆನ್ನಲಾದ ವೈರಸ್ಸಿನ ಆನುವಂಶಿಕ ಸರಣಿಯನ್ನು ಹೋಲಿಸಿ ನೋಡಿದಾಗ, ಅದು ಕಾಡಿನಲ್ಲೋ ಕೊಟ್ಟಿಗೆಯಲ್ಲೋ ಇರುವ ತಳಿಗಳಿಗಿಂತ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿದ್ದ ತಳಿಗಳನ್ನೇ ಹೋಲುತ್ತಿತ್ತು. ಅತ್ಯಲ್ಪ ಬೆರಕೆಯನ್ನೂ ಹಲವು ಪಟ್ಟು ಹೆಚ್ಚಿಸಿ ತೋರಿಸುವ ಪಿಸಿಆರ್ ಪರೀಕ್ಷೆಯಲ್ಲಿ, ಪ್ರಯೋಗಾಲಯದ ವೈರಸ್ಸೇ ಮಾದರಿಗೆ ಬೆರೆತಿದೆಯೆನ್ನಲು ಇದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಕೊನೆಗೆ 2012ರಲ್ಲಿ, ಈ ವೈರಸ್ಸನ್ನು ಅಣುಮಟ್ಟದಲ್ಲಿ ಮೊದಲು ಗುರುತಿಸಿದವರಲ್ಲಿ ಒಬ್ಬರಾದ ಇಯಾನ್ ಲಿಪ್ಕಿನ್ ಅವರ ತಂಡವೇ, ಯಾವ ಮಾದರಿ ಯಾರದೆಂದು ತಿಳಿಯದಂತೆ 198 ರೋಗಿಗಳನ್ನೂ ಅಷ್ಟೇ ಆರೋಗ್ಯವಂತರನ್ನೂ ಪರೀಕ್ಷಿಸಿ, ಮನೋರೋಗಕ್ಕೂ ವೈರಸ್ಸಿಗೂ ನಂಟಿಲ್ಲವೆಂದು ತೋರಿಸಿತು.

ಅಲ್ಲಿಗೆ ವಿಷಯ ಮುಗಿಯಿತೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 2018ರಲ್ಲಿ, ದಕ್ಷಿಣ ಜರ್ಮನಿಯ ಒಬ್ಬನೇ ದಾನಿಯ ಅಂಗಗಳನ್ನು ಪಡೆದ ಮೂವರಿಗೆ ಮಿದುಳಿನ ಉರಿಯೂತ ಬಂದು ಇಬ್ಬರು ತೀರಿಕೊಂಡದ್ದಕ್ಕೆ ಬೋರ್ನಾ ವೈರಸ್ಸೇ ಕಾರಣವೆಂಬುದು ಬಯಲಾಯಿತು. ಬಳಿಕ, ಕಾರಣ ತಿಳಿಯದೆ ಸತ್ತವರ ಸಂಗ್ರಹಿಸಿಟ್ಟಿದ್ದ ಮಿದುಳಿನ ಅಂಗಾಂಶದಲ್ಲಿಯೂ ಅದು ಪತ್ತೆಯಾಯಿತು. ಈ ಸಲದ ಸರಣಿಗಳು ರೋಗಿ ಬದುಕಿದ್ದ ಸೀಮೆಯ ಪ್ರಾಣಿಗಳಲ್ಲಿರುವ ವೈರಸ್ಸಿನೊಂದಿಗೆ ತಾಳೆಯಾದವು. ಹಳೆಯ ವರದಿಗಳಲ್ಲಿ ಇಲ್ಲದಿದ್ದದ್ದು ಇದೇ. 2020ರಿಂದ ಜರ್ಮನಿಯಲ್ಲಿ ಈ ಸೋಂಕನ್ನು ಕಡ್ಡಾಯವಾಗಿ ವರದಿ ಮಾಡಬೇಕು. ವರ್ಷಕ್ಕೆ ಪತ್ತೆಯಾಗುವ ಪ್ರಕರಣಗಳು ಬೆರಳೆಣಿಕೆಯಷ್ಟಾದರೂ, ರೋಗ ಬಂದವರಲ್ಲಿ ಬಹುತೇಕರು ಉಳಿಯುವುದಿಲ್ಲ.

ಕುದುರೆಗಳಿಂದ ಇದು ಮನುಷ್ಯರಿಗೆ ಹರಡುವುದಿಲ್ಲ. ನಮ್ಮ ಸುಂಡಿಲಿಯ ದಾಯಾದಿಯಾದ, ಮೇಲೆ ಬೂದು ಕೆಳಗೆ ಬಿಳಿಯ ಪುಟ್ಟ ಪ್ರಾಣಿಯೊಂದು ವೈರಸ್ಸಿನ ನಿಜವಾದ ಆಶ್ರಯ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲೇ ನೆಲೆಸಿರುವ ನಿಮ್ಮ ಮಗಳು ಅದನ್ನು, ಬೆಕ್ಕು ಕಚ್ಚಿ ತಂದು ಹಾಕಿದ್ದಾದರೂ, ಬರಿಗೈಯಲ್ಲಿ ಮುಟ್ಟದಿರಲಿ. ಶೆಡ್ಡಿನಲ್ಲಿ ಹಿಕ್ಕೆ ಕಂಡರೆ ಒಣದಾಗಿ ಗುಡಿಸದೆ, ಕೈಗವಸು, ಮಾಸ್ಕ್ ಧರಿಸಿ, ಸೋಪಿನ ನೀರಿನಿಂದ ನೆನೆಸಿ ಒರೆಸಲಿ.